ಬೂಷ್ಟು ಬಂದ ಬ್ರೆಡ್ಡನ್ನು ಕೆರೆದು ತಿನ್ನಬಹುದಾ?

ಪ್ರಶ್ನೆ: ಬ್ರೆಡ್ಡಿನ ಒಂದು ಮೂಲೆಯಲ್ಲಿ ಮಾತ್ರ ಹಸಿರು ಬೂಷ್ಟು ಬಂದಿದೆ. ಅಷ್ಟನ್ನು ಕಿತ್ತು ಹಾಕಿ ಉಳಿದದ್ದನ್ನು ತಿಂದರೆ ಏನಾಗುತ್ತೆ? ಪೆನಿಸಿಲಿನ್ ಕೂಡ ಬೂಷ್ಟಿನಿಂದಲೇ ಬಂದದ್ದು ಅಲ್ವಾ?

ತಿನ್ನಬೇಡಿ. ಗೊತ್ತಿಲ್ಲದೆ ಒಂದು ತುತ್ತು ಹೊಟ್ಟೆಗೆ ಹೋಗಿದ್ದರೆ ಗಾಬರಿ ಬೇಡ, ಆರೋಗ್ಯವಾಗಿರುವವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗೊತ್ತಿದ್ದೂ ತಿನ್ನುವುದು ಬೇರೆ ಮಾತು.

ನೀವು ನೋಡುತ್ತಿರುವ ಹಸಿರು ಚುಕ್ಕೆ ಬೂಷ್ಟಿನ ಇಡೀ ಮೈ ಅಲ್ಲ. ಬೂಷ್ಟು ಒಂದು ಶಿಲೀಂಧ್ರ, ಅಂದರೆ ಅಣಬೆಯ ಬಳಗದ್ದು. ಗಿಡದ ಹಾಗೆ ತನ್ನ ಊಟ ತಾನೇ ತಯಾರಿಸಿಕೊಳ್ಳಲು ಇದಕ್ಕೆ ಬರುವುದಿಲ್ಲ, ನಮ್ಮ ಹಾಗೆ ನುಂಗಲು ಬಾಯಿಯೂ ಇಲ್ಲ. ಅದಕ್ಕೇ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳನ್ನು ಬ್ರೆಡ್ಡಿನೊಳಗೆ ಇಳಿಸಿ, ಅಲ್ಲೇ ಕಿಣ್ವಗಳನ್ನು ಸುರಿದು, ಪಿಷ್ಟವನ್ನು ಹೊರಗೇ ಜೀರ್ಣ ಮಾಡಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಅದು ಊಟದ ಮೇಲೆ ಕೂತಿಲ್ಲ, ಊಟದ ಒಳಗೇ ಇದೆ. ಹೊಟ್ಟೆ ತುಂಬಿದ ಮೇಲೆ ಬೀಜಾಣುಗಳನ್ನು ಮೇಲೆ ಕಳಿಸುತ್ತದೆ, ಬಣ್ಣ ಕಾಣಿಸುವುದು ಆಗ. ಅದನ್ನು ಕೆರೆದರೆ ಮಾವಿನ ಹಣ್ಣು ಕಿತ್ತು ಮರ ಕಡಿದೆ ಅಂದ ಹಾಗೆ.

ಭೂತಗನ್ನಡಿ ಇದ್ದರೆ ಬ್ರೆಡ್ಡನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದೊಳಗೇ ಇಟ್ಟು ನೋಡಿ. ರೈಜೋಪಸ್ ಅನ್ನುವ ಬೂಷ್ಟಾದರೆ ಬಿಳಿ ಎಳೆಗಳು ನೆಟ್ಟಗೆ ನಿಂತಿರುತ್ತವೆ, ಒಂದೊಂದರ ತುದಿಯಲ್ಲೂ ಒಂದು ಕಪ್ಪು ಗುಂಡು. ಆ ಗುಂಡು ಒಡೆದರೆ ಬೀಜಾಣುಗಳು ಗಾಳಿಗೆ ಹಾರುತ್ತವೆ. ಪಕ್ಕದ ತುಂಡು ಕಣ್ಣಿಗೆ ಚೆನ್ನಾಗಿ ಕಂಡರೂ ಅದರ ಮೇಲೆ ಈಗಾಗಲೇ ಬಿದ್ದಿರುತ್ತವೆ, ಹಾಗಾಗಿ ಇಡೀ ಪ್ಯಾಕೆಟ್ ಎಸೆಯುವುದೇ ವಾಸಿ.

"ಟೋಸ್ಟ್ ಮಾಡಿದರೆ ಸಾಯಲ್ವಾ?" ಬೂಷ್ಟು ಸಾಯಬಹುದು. ಆದರೆ ಕೆಲವು ಬೂಷ್ಟುಗಳು ವಿಷ ಬಿಟ್ಟಿರುತ್ತವೆ, ಆ ವಿಷ ಬಿಸಿಗೆ ಸುಲಭವಾಗಿ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತವು. ಮೊದಲು ಕಾರಣವೇ ಗೊತ್ತಾಗಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಅದರಲ್ಲಿ ಆಸ್ಪರ್‌ಜಿಲಸ್ ಫ್ಲೇವಸ್ ಅನ್ನುವ ಬೂಷ್ಟು ಬಿಟ್ಟ ವಿಷ. ಅದಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಅದು ಮನುಷ್ಯರಿಗೆ ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ನಿಮ್ಮ ಬ್ರೆಡ್ಡಿನಲ್ಲಿ ಇದೇ ಇದೆ ಅಂತ ಹೇಳುತ್ತಿಲ್ಲ. ಯಾವ ಬೂಷ್ಟು ಅಂತ ಬಣ್ಣ ನೋಡಿ ಹೇಳಲಾಗದು, ಅಷ್ಟೇ.

ಇನ್ನು ಪೆನಿಸಿಲಿನ್. 1928ರಲ್ಲಿ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಗೆ ಬೂಷ್ಟು ಬಿತ್ತು, ಅದರ ಸುತ್ತ ಬ್ಯಾಕ್ಟೀರಿಯಾ ಸತ್ತಿತ್ತು. ಎಲ್ಲರಿಗೂ ಗೊತ್ತಿರುವ ಕಥೆ. ಮುಂದಿನದ್ದು ಅಷ್ಟು ಜನಕ್ಕೆ ಗೊತ್ತಿಲ್ಲ: ಆ ಬೂಷ್ಟು ಕೊಡುತ್ತಿದ್ದ ಔಷಧ ತೀರಾ ಕಡಿಮೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಪಿಯೋರಿಯಾದಲ್ಲಿ ಒಂದು ಕೊಳೆತ ಕರಬೂಜದ ಮೇಲೆ ಸಿಕ್ಕ ಬೂಷ್ಟು ಅದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟಿತು. ಅದನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಔಷಧವನ್ನಷ್ಟೇ ಬೇರ್ಪಡಿಸಿ, ಶುದ್ಧ ಮಾಡಿ ಬಳಸಿದರು. ನಿಮ್ಮ ಬ್ರೆಡ್ಡಿನದು ಪೆನಿಸಿಲಿನ್ ಕೊಟ್ಟ ಬೂಷ್ಟಿನ ಬಳಗವಾದ ಪೆನಿಸಿಲಿಯಮ್ಮೇ ಆಗಿದ್ದರೂ ಅದು ಪೆನಿಸಿಲಿನ್ ಮಾಡುವ ಜಾತಿಯೇ ಆಗಿರಬೇಕಿಲ್ಲ, ಆ ಬಳಗದಲ್ಲೂ ವಿಷ ಬಿಡುವವು ಇವೆ. ಬೂಷ್ಟು ಬೆಳೆಸಿಯೇ ಮಾಡುವ ಬ್ಲೂ ಚೀಸ್‌ನಲ್ಲಿ ಹಾಕುವುದು ಆರಿಸಿ ಬೆಳೆಸಿದ ಜಾತಿಯನ್ನು. ಕೂಲ್‌ಡ್ರಿಂಕ್‌ನ ಹುಳಿಗೆ ಹಾಕುವ ಸಿಟ್ರಿಕ್ ಆಮ್ಲವೂ ಹೆಚ್ಚಿನಂಶ ಆಸ್ಪರ್‌ಜಿಲಸ್ ನೈಗರ್ ಅನ್ನುವ ಕಪ್ಪು ಬೂಷ್ಟಿನ ಕೆಲಸವೇ! ಆದರೆ ಬಾಟಲಿಗೆ ಬರುವುದು ಶುದ್ಧ ಮಾಡಿದ ಆಮ್ಲ, ಬೂಷ್ಟಲ್ಲ.

ಕೆರೆದು ತಿನ್ನಬಹುದಾದ್ದು ಏನೂ ಇಲ್ವಾ ಅಂದರೆ, ಇದೆ. ಗಟ್ಟಿ ಚೀಸ್, ಕ್ಯಾರೆಟ್, ಎಲೆಕೋಸಿನಂಥ ಬಿಗಿಯಾದ ಪದಾರ್ಥದೊಳಗೆ ಎಳೆಗಳು ಸುಲಭಕ್ಕೆ ಇಳಿಯುವುದಿಲ್ಲ. ಕಲೆಯ ಸುತ್ತ ಮತ್ತು ಕೆಳಗೆ ಸುಮಾರು 2.5 ಸೆಂ.ಮೀ. ಬಿಟ್ಟು ಕತ್ತರಿಸಿ, ಚಾಕು ಬೂಷ್ಟಿಗೆ ತಾಗದಿರಲಿ. ಬ್ರೆಡ್, ಮೊಸರು, ಜ್ಯಾಮ್, ಮೆತ್ತಗಿನ ಹಣ್ಣಿಗೆ ಈ ಲೆಕ್ಕ ನಡೆಯದು.

ಎಸೆಯುವ ಮುಂಚೆ ಸುಮ್ನೆ ಮೂಸಿ ನೋಡಬೇಡಿ, ಅದರಲ್ಲೂ ಅಸ್ತಮಾ, ಅಲರ್ಜಿ ಇರುವವರು. ಚೀಲ ಕಟ್ಟಿ ಎಸೆದು, ಬ್ರೆಡ್ ಇಟ್ಟಿದ್ದ ಡಬ್ಬವನ್ನು ತೊಳೆದು ಪೂರ್ತಿ ಒಣಗಿಸಿ. ಮುಂದಿನ ಪ್ಯಾಕೆಟ್ ಬೇಗ ಮುಗಿಯುವುದಿಲ್ಲ ಅನ್ನಿಸಿದರೆ ಅರ್ಧವನ್ನು ಫ್ರೀಜರಿಗೆ ಹಾಕಿ. ಫ್ರಿಜ್‌ನಲ್ಲಿ ಬೂಷ್ಟು ನಿಧಾನವಾಗುತ್ತೆ, ನಿಲ್ಲುವುದಿಲ್ಲ.