ಬೆಂಗಳೂರಲ್ಲಿ ಹೂವಿದ್ದ ಆರ್ಕಿಡ್ ದಾವಣಗೆರೆಯಲ್ಲಿ ಯಾಕೆ ಹೂ ಬಿಡ್ತಿಲ್ಲ?

ಪ್ರಶ್ನೆ: ಮೇಡಂ, ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಹೂವಿದ್ದ ಫಲೆನಾಪ್ಸಿಸ್ ಆರ್ಕಿಡ್ ತಂದೆ. ಎಲೆ ಅಗಲವಾಗಿ, ಹಸಿರಾಗಿ ಇವೆ. ಹೊಸ ಎಲೆಯೂ ಬರುತ್ತೆ. ಹೂ ಮಾತ್ರ ಒಂದೂ ಇಲ್ಲ. ಚಳಿ ಬೇಕು ಅಂದರು. ಹೋದ ಚಳಿಗಾಲ ಪೂರ್ತಿ ರಾತ್ರಿ ಹೊತ್ತು ತಾರಸಿ ಮೇಲಿಟ್ಟು, ಬೆಳಿಗ್ಗೆ ಮಹಡಿ ರೂಮಿಗೆ ತರ್ತಿದ್ದೆ. ಆದರೂ ಬಿಡಲಿಲ್ಲ. ನಮ್ಮೂರ ಬಿಸಿಲಿಗೆ ಅದರ ಜೀನ್ ಕೆಟ್ಟುಹೋಯಿತಾ?

ಇಲ್ಲ, ಜೀನ್ ಕೆಟ್ಟಿಲ್ಲ. ಗಿಡ ಬೆಂಗಳೂರಿನಲ್ಲಿ ಹೇಗಿತ್ತೋ ಒಳಗೆ ಹಾಗೇ ಇದೆ. ನೀವು ಪಟ್ಟ ಶ್ರಮ ಓದಿ ನನಗೆ ಬೇಜಾರಾಯಿತು. ಯಾಕಂದ್ರೆ ನಿಮಗೆ ಸಿಕ್ಕಿದ ಸಲಹೆ ಅರ್ಧ ಮಾತ್ರ ಸರಿ. ತಂಪು ಬೇಕು ಅನ್ನೋದು ನಿಜ. ಆದರೆ ಈ ಗಿಡಕ್ಕೆ ಆ ತಂಪು ಹಗಲು ಹೊತ್ತಿನಲ್ಲಿ ಬೇಕು.

ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಹಗಲು 29 ಡಿಗ್ರಿ ಇದ್ದರೆ, ರಾತ್ರಿ 17 ಡಿಗ್ರಿಗೆ ಇಳಿದರೂ ಫಲೆನಾಪ್ಸಿಸ್ ಹೂದಂಡು ಹೊರಡಿಸುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈಗ ನಮ್ಮೂರಿನ ಡಿಸೆಂಬರ್ ನೆನೆಸಿಕೊಳ್ಳಿ. ಬೆಳಗಿನ ಜಾವ ಸ್ವೆಟರ್ ಬೇಕು, ಮಧ್ಯಾಹ್ನ 29, 30 ಮುಟ್ಟುತ್ತೆ. ಆರ್‌ಸಿಸಿ ಮನೆಯ ಮಹಡಿ ರೂಮಿನಲ್ಲಿ ಇನ್ನೂ ಜಾಸ್ತಿ. ರಾತ್ರಿಯ ತಾರಸಿ ಕೊಟ್ಟ ತಂಪು ಅಲ್ಲಿಗೆ ವ್ಯರ್ಥವಾಯಿತು.

ಇನ್ನು ಜೀನ್ ವಿಷಯಕ್ಕೆ ಬರೋಣ. ಜೀನ್ ಇದ್ದರೆ ಸಾಲದು, ಅದು ಕೆಲಸ ಶುರು ಮಾಡಬೇಕು. ಹೂ ಬಿಡಲು ಮುಖ್ಯವಾದ ಒಂದು ಜೀನ್‌ಗೆ ಎಫ್‌ಟಿ ಅಂತ ಹೆಸರು. ಅದು ಎಲೆಯಲ್ಲಿ ಒಂದು ಪ್ರೋಟೀನ್ ಮಾಡಿಸುತ್ತೆ. ಆ ಪ್ರೋಟೀನ್ ಎಲೆಯಿಂದ ಹೊರಟು, ಸಕ್ಕರೆ ಸಾಗುವ ನಾಳದಲ್ಲೇ ಸಾಗಿ ಮೊಗ್ಗಿನ ಜಾಗ ಸೇರುತ್ತೆ. 'ಇನ್ನು ಎಲೆ ಸಾಕು, ಹೂ ಮಾಡು' ಅನ್ನುವ ಸುದ್ದಿ ಅದು. ಎಲೆಯಿಂದ ಇಂಥದ್ದೇನೋ ಹೊರಡುತ್ತೆ ಅಂತ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್ 1930ರ ದಶಕದಲ್ಲೇ ಊಹಿಸಿ, ಫ್ಲೋರಿಜೆನ್ ಅಂತ ಹೆಸರಿಟ್ಟಿದ್ದರು. ಅದು ಯಾವ ವಸ್ತು ಅಂತ ತೋರಿಸಿಕೊಡಲು 2007ರವರೆಗೆ ಕಾಯಬೇಕಾಯಿತು. ಆಗ ಪುರಾವೆ ಸಿಕ್ಕಿದ್ದು ಅರಬಿಡಾಪ್ಸಿಸ್ ಅನ್ನೋ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ, ಜೊತೆಗೆ ಭತ್ತದಲ್ಲಿ. ನಮ್ಮ ಭದ್ರಾ ನಾಲೆಯ ಗದ್ದೆಗಳಲ್ಲಿ ಭತ್ತ ತೆನೆಗೆ ತಿರುಗುವುದೂ ಇದೇ ಬಗೆಯ ಸುದ್ದಿಯಿಂದ! ನನಗೆ ಇದು ಇವತ್ತಿಗೂ ಬೆರಗು.

ಭತ್ತ ಹೆಚ್ಚಾಗಿ ಹಗಲಿನ ಉದ್ದ ನೋಡಿ ತೀರ್ಮಾನ ಮಾಡುತ್ತೆ. ಫಲೆನಾಪ್ಸಿಸ್ ನೋಡುವುದು ಬಿಸಿ, ತಂಪು. ತಂಪಾದಾಗ ಅದರ ಎಫ್‌ಟಿ ಜೀನ್ ಚುರುಕಾಗುತ್ತೆ. 28 ಡಿಗ್ರಿ ದಾಟಿ ಉಳಿದರೆ ಎಲೆ ಬೆಳೆಸುವುದರಲ್ಲೇ ಇರುತ್ತೆ. ದೊಡ್ಡ ನರ್ಸರಿಗಳು ಬದುಕುವುದೇ ಈ ಗುಣದ ಮೇಲೆ. ಗಿಡ ಬಲಿಯುವ ತನಕ ಬೆಚ್ಚಗಿಟ್ಟು ಹೂ ತಡೆಯುತ್ತಾರೆ. ಆಮೇಲೆ ತಂಪು ಮನೆಗೆ ಸಾಗಿಸಿ ಹಬ್ಬದ ಹೊತ್ತಿಗೆ ಸರಿಯಾಗಿ ಹೂ ಬರಿಸುತ್ತಾರೆ. ನಿಮ್ಮ ಗಿಡವೂ ಬಹುಶಃ ಹಾಗೆ ಬಂದದ್ದೇ.

ಬಿಸಿ ಇನ್ನೊಂದು ತೊಂದರೆಯನ್ನೂ ಮಾಡುತ್ತೆ. ಗಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನ್ ಕಡಿಮೆಯಾಗಿ ಹೂವಿನ ಬೆಳವಣಿಗೆ ನಿಲ್ಲುತ್ತೆ ಅಂತ ತೈವಾನಿನ ಸಂಶೋಧಕರು ಕಂಡುಕೊಂಡಿದ್ದಾರೆ. ಹಾಗಂತ ಅಂಗಡಿಯಿಂದ ಗಿಬ್ಬರೆಲಿನ್ ತಂದು ಸಿಂಪಡಿಸಬೇಡಿ. ಅಳತೆ ತಪ್ಪಿದರೆ ಹೂ ಸೊಟ್ಟಗಾಗುತ್ತೆ.

ಹಾಗಾದರೆ ಏನು ಮಾಡಬೇಕು? ಮೊದಲು ಗೋಡೆಗೆ ಹಾಕುವ ಥರ್ಮಾಮೀಟರ್ ಒಂದು ತನ್ನಿ. ಮಧ್ಯಾಹ್ನ ಎರಡು, ಮೂರು ಗಂಟೆಗೆ ಮನೆಯ ಬೇರೆ ಬೇರೆ ಮೂಲೆಯಲ್ಲಿಟ್ಟು ನೋಡಿ. ಎಲ್ಲಿ 25, 26 ದಾಟಲ್ಲವೋ ಅದೇ ಗಿಡದ ಜಾಗ. ಕೆಳಗಿನ ಮನೆಯ ಪೂರ್ವದ ಕಿಟಕಿ ಸಾಮಾನ್ಯವಾಗಿ ಒಳ್ಳೇದು. ಬೆಳಕು ಚೆನ್ನಾಗಿರಲಿ, ಕತ್ತಲಲ್ಲಿಟ್ಟರೆ ತಂಪಿದ್ದರೂ ಹೂ ಬರಲ್ಲ. ನವೆಂಬರ್ ಕೊನೆಯಿಂದ ನಾಲ್ಕರಿಂದ ಆರು ವಾರ ಹೀಗೆ ಇಡಿ. ಚನ್ನಗಿರಿ ಕಡೆ ಅಡಿಕೆ ತೋಟ ಇರೋ ನೆಂಟರಿದ್ದರೆ, ಅಲ್ಲಿನ ನೆರಳಲ್ಲೂ ಹಗಲಿನ ಬಿಸಿ ಅಳೆದು ನೋಡಬಹುದು. ಇನ್ನೊಂದು ಅವಕಾಶ ಆಷಾಢ, ಶ್ರಾವಣದಲ್ಲಿದೆ. ಮೋಡ ಕವಿದು ಗಾಳಿ ಬೀಸುವ ಆ ವಾರಗಳಲ್ಲಿ ನಮ್ಮೂರ ಹಗಲು ಎಷ್ಟೋ ಸಲ ಡಿಸೆಂಬರ್‌ಗಿಂತ ತಂಪಾಗಿರುತ್ತೆ.

ದಂಡು ಬಂದ ಮೇಲೂ ಮೈಮರೆಯಬೇಡಿ. ಹೂ ಅರಳಲು ಇನ್ನೂ ಎರಡು, ಮೂರು ತಿಂಗಳು ಬೇಕು, ಅಷ್ಟರಲ್ಲಿ ನಮ್ಮ ಬೇಸಿಗೆ ಬಂದಿರುತ್ತೆ. ತುಂಬಾ ಬಿಸಿಯಾದರೆ ಮೊಗ್ಗು ಉದುರುತ್ತೆ. ಕೆಲವೊಮ್ಮೆ ದಂಡಿನ ಮೇಲೆ ಹೂವಿನ ಬದಲು ಮರಿ ಗಿಡ ಹುಟ್ಟುತ್ತೆ.

ಎಲ್ಲಾ ಆರ್ಕಿಡ್‌ಗೂ ಇದೇ ಲೆಕ್ಕ ಅಲ್ಲ. ಸಿಂಗಪುರ, ಮಲೇಷ್ಯಾ ಕಡೆ ಪಾರಿವಾಳ ಆರ್ಕಿಡ್ ಅಂತ ಒಂದಿದೆ. ಮೊಗ್ಗು ಮೊದಲೇ ಸಿದ್ಧವಾಗಿ ಕಾದಿರುತ್ತೆ. ಜೋರು ಮಳೆ ಬಂದು ಗಾಳಿ ಐದಾರು ಡಿಗ್ರಿ ತಟ್ಟನೆ ತಣ್ಣಗಾದರೆ, ಅಲ್ಲಿಂದ ಒಂಬತ್ತನೇ ದಿನಕ್ಕೆ ಇಡೀ ಊರಿನ ಗಿಡಗಳು ಒಟ್ಟಿಗೆ ಅರಳುತ್ತವೆ. ಮನೆಯಲ್ಲಿ ತಂಪು ಜಾಗವೇ ಇಲ್ಲ ಅನ್ನೋರು ಬೆಚ್ಚನೆ ಹವೆಯ ಡೆಂಡ್ರೋಬಿಯಂ ತಳಿ ಕೇಳಿ ತನ್ನಿ. ಅವಕ್ಕೆ ತಂಪಿನ ಹಂಗಿಲ್ಲ.

ನಿಮ್ಮ ಗಿಡದಲ್ಲಿ ಜನವರಿ ಹೊತ್ತಿಗೆ ಎಲೆ ಬುಡದ ಸಂದಿಯಿಂದ ಹಸಿರು ಮೊಳಕೆ ಇಣುಕಬಹುದು. ತುದಿ ದುಂಡಗೆ, ನುಣ್ಣಗೆ ಇದ್ದರೆ ಅದು ಬೇರು. ಸ್ವಲ್ಪ ಚಪ್ಪಟೆಯಾಗಿ, ತುದಿಯಲ್ಲಿ ಚೂಪಾಗಿದ್ದರೆ ಹೂದಂಡು. ಗೊತ್ತಾಗದಿದ್ದರೆ ಮುಟ್ಟದೆ ಒಂದು ವಾರ ಬಿಡಿ. ದಂಡಾದರೆ ಬೆಳಕಿನ ಕಡೆ ಮೇಲಕ್ಕೆ ಬಾಗಲು ಶುರು ಮಾಡುತ್ತೆ.