'ಫ್ರೀ' ಕಮಾಂಡಿನ ಮೂರನೆಯ ಸಾಲು ಎಲ್ಲಿ ಹೋಯಿತು?

ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವವರ ಕೈಗೆ ರೂಢಿಯಾಗಿರುವ ಕಮಾಂಡುಗಳಲ್ಲಿ 'ಫ್ರೀ' ಒಂದು. ಒಟ್ಟು ಮೆಮೊರಿ ಎಷ್ಟು, ಬಳಕೆಯಾದದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ಅದು ನಾಲ್ಕೇ ಸಾಲುಗಳಲ್ಲಿ ಹೇಳುತ್ತಿತ್ತು. 2014ರ ಸೆಪ್ಟೆಂಬರಿನಲ್ಲಿ ಅದರಲ್ಲೊಂದು ಸಾಲನ್ನು ಕಿತ್ತುಹಾಕಲಾಯಿತು. ಕಿತ್ತದ್ದು ಸರಿಯಾದ ಕಾರಣಕ್ಕೇ. ಆದರೆ ಆ ಸಾಲನ್ನೇ ನಂಬಿಕೊಂಡಿದ್ದ ಸ್ಕ್ರಿಪ್ಟುಗಳು (ಕಮಾಂಡುಗಳನ್ನು ತಾವಾಗಿಯೇ ನಡೆಸುವ ಪುಟ್ಟ ಪ್ರೋಗ್ರಾಮುಗಳು) ಅಂದಿನಿಂದ ತಪ್ಪು ಲೆಕ್ಕ ಹೇಳತೊಡಗಿದವು.

ಆ ಸಾಲು ಹುಟ್ಟಿದ್ದಕ್ಕೂ ಕಾರಣವಿತ್ತು. ಖಾಲಿ ಮೆಮೊರಿಯನ್ನು ಲಿನಕ್ಸ್ ಸುಮ್ಮನೆ ಬಿಡುವುದಿಲ್ಲ. ಡಿಸ್ಕಿನಿಂದ ಓದಿದ್ದನ್ನು ಅಲ್ಲಿ ಕ್ಯಾಶ್ ಆಗಿ ಇಟ್ಟುಕೊಳ್ಳುತ್ತದೆ, ಬೇರೆ ಪ್ರೋಗ್ರಾಮಿಗೆ ಜಾಗ ಬೇಕಾದಾಗ ಬಿಟ್ಟುಕೊಡುತ್ತದೆ. ಉದಾಹರಣೆಗೆ, 7,800 ಎಂಬಿಯ ಯಂತ್ರದಲ್ಲಿ ಎರಡನೆಯ ಸಾಲು 7,500 ಬಳಕೆ, 300 ಖಾಲಿ ಎಂದು ತೋರಿಸಬಹುದು. ಆ 7,500ರಲ್ಲಿ 5,200 ಬಫರ್ (ಇದೂ ಕ್ಯಾಶಿನಂಥದ್ದೇ ತಾತ್ಕಾಲಿಕ ಸಂಗ್ರಹ) ಮತ್ತು ಕ್ಯಾಶ್ ಆಗಿದ್ದರೆ, ಮೂರನೆಯ ಸಾಲು ಅದನ್ನು ಕಳೆದು 2,300 ಬಳಕೆ, 5,500 ಖಾಲಿ ಎನ್ನುತ್ತಿತ್ತು. ಹೊಸಬರು ಎರಡನೆಯ ಸಾಲನ್ನಷ್ಟೇ ನೋಡಿ ಗಾಬರಿಯಾಗುತ್ತಿದ್ದರು. ಲಿನಕ್ಸ್ ನಿಮ್ಮ ಮೆಮೊರಿಯನ್ನು ನುಂಗಿಲ್ಲ ಎಂದು ಸಮಾಧಾನ ಹೇಳುವುದಕ್ಕೆಂದೇ ಒಂದು ಜಾಲತಾಣ ಹುಟ್ಟಿಕೊಂಡಿತ್ತು.

ಕಾಲ ಕಳೆದಂತೆ ಮೂರನೆಯ ಸಾಲಿನ ಲೆಕ್ಕವೂ ಹಳಸಿತು. ಕ್ಯಾಶ್ ಎಂದು ತೋರುವುದರೊಳಗೆ ಪ್ರೋಗ್ರಾಮುಗಳು ಹಂಚಿಕೊಂಡ ಮೆಮೊರಿಯೂ, ಮೆಮೊರಿಯಲ್ಲೇ ಇರುವ ತಾತ್ಕಾಲಿಕ ಕಡತಗಳೂ ಸೇರಿರುತ್ತವೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಹಿಡಿದುಕೊಂಡ ಹಂಚಿಕೆಯ ಮೆಮೊರಿಯನ್ನು ಲಿನಕ್ಸಿನ ತಿರುಳಾದ ಕರ್ನಲ್ ಬೇಕೆಂದಾಗ ಎಸೆಯಲಾಗದು. ಇತ್ತ, ಕರ್ನಲ್ ತನ್ನ ಕೆಲಸಕ್ಕೆ ಬಳಸುವ ಮೆಮೊರಿಯಲ್ಲಿ ಒಂದಿಷ್ಟನ್ನು ಮರಳಿ ಪಡೆಯಬಹುದಾದರೂ ಅದು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಖಾಲಿಗೆ ಕ್ಯಾಶ್ ಕೂಡಿಸುವ ಪದ್ಧತಿ ಈಗ ತಪ್ಪು ಉತ್ತರವನ್ನೇ ಕೊಡುತ್ತದೆ ಎಂದು ಗುರುತಿಸಿದ ಕರ್ನಲ್ ತಂತ್ರಜ್ಞ ರಿಕ್ ವಾನ್ ರೀಲ್, ಹೊಸ ಪ್ರೋಗ್ರಾಮಿಗೆ ನಿಜಕ್ಕೂ ಎಷ್ಟು ಮೆಮೊರಿ ಸಿಕ್ಕೀತು ಎಂಬ ಅಂದಾಜನ್ನು ಕರ್ನಲ್ಲೇ ಮಾಡಿ ಹೇಳುವ ವ್ಯವಸ್ಥೆಯನ್ನು ಬರೆದರು. 2014ರ ಮಾರ್ಚಿನಲ್ಲಿ ಬಂದ ಲಿನಕ್ಸ್ 3.14ರಲ್ಲಿ 'ಮೆಮ್‌ಅವೈಲಬಲ್' ಎಂಬ ಹೆಸರಿನಲ್ಲಿ ಅದು ಸೇರಿತು. ಆರು ತಿಂಗಳ ನಂತರ, 'ಫ್ರೀ' ಕಮಾಂಡನ್ನು ಒಳಗೊಂಡ ಉಪಕರಣಗಳ ಕಟ್ಟಿನ ಹೊಸ ಆವೃತ್ತಿಯಾಗಿ ಬಂದ ಪ್ರೋಕ್‌ಪಿಎಸ್-ಎನ್‌ಜಿ 3.3.10 ಬಫರ್ ಮತ್ತು ಕ್ಯಾಶ್‌ಗಳನ್ನು ಒಂದೇ ಅಂಕಣಕ್ಕೆ ಸೇರಿಸಿ, ಕೊನೆಗೆ 'ಅವೈಲಬಲ್' ಅಂಕಣವಿಟ್ಟು, ಮೂರನೆಯ ಸಾಲನ್ನು ಅಳಿಸಿತು.

ಪೆಟ್ಟು ಬಿದ್ದದ್ದು ಇಲ್ಲಿ. ನಿಗಾ ಇಡುವ ಎಷ್ಟೋ ಸ್ಕ್ರಿಪ್ಟುಗಳು 'ಮೂರನೆಯ ಸಾಲಿನ ನಾಲ್ಕನೆಯ ಪದ' ಎಂದು ಲೆಕ್ಕವಿಟ್ಟು ಓದುತ್ತಿದ್ದವು. ಹಳೆಯ ಸಾಲಿನ ತಲೆಹೆಸರೇ ಎರಡು ಪದಗಳದ್ದು. ಹಾಗಾಗಿ ಮೂರನೆಯದು ಬಳಕೆ, ನಾಲ್ಕನೆಯದು ಖಾಲಿ. ಹೊಸ ರೂಪದಲ್ಲಿ ಮೂರನೆಯ ಸಾಲಿಗೆ ಬಂದದ್ದು ಸ್ವಾಪ್, ಅಂದರೆ ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗ. ಅಲ್ಲೂ ಮೂರನೆಯ ಪದ ಬಳಕೆ, ನಾಲ್ಕನೆಯದು ಖಾಲಿಯೇ! ಸ್ಕ್ರಿಪ್ಟಿಗೆ ದೋಷ ಕಾಣುವುದಿಲ್ಲ, ಅಂಕಿಯೂ ನಂಬುವಂತಿರುತ್ತದೆ. ಉಬುಂಟು ಲಿನಕ್ಸಿನ 14.04 ಆವೃತ್ತಿಯಿಂದ 16.04ಕ್ಕೆ ಏರಿದ ಸರ್ವರಿನಲ್ಲಿ ಸ್ವಾಪ್ ಇಲ್ಲದಿದ್ದರೆ ಅಂಥ ಸ್ಕ್ರಿಪ್ಟ್ ಸೊನ್ನೆ ಓದಿ ಸುಳ್ಳು ಎಚ್ಚರಿಕೆ ಕೊಡುತ್ತದೆ. ದೊಡ್ಡ ಸ್ವಾಪ್ ಇದ್ದರಂತೂ ಮೆಮೊರಿ ಬರಿದಾಗುತ್ತಿದ್ದರೂ ಎಲ್ಲವೂ ಕ್ಷೇಮ ಎನ್ನುತ್ತದೆ. ಸ್ಕ್ರಿಪ್ಟ್ ಕೆಟ್ಟು ನಿಂತಿದ್ದರೆ ಯಾರಾದರೂ ರಿಪೇರಿ ಮಾಡುತ್ತಿದ್ದರು. ಇದು ಅದಕ್ಕಿಂತ ಅಪಾಯಕಾರಿ.

ಇದು 'ಫ್ರೀ' ಒಂದರ ಪಾಡಲ್ಲ. ಡಿಸ್ಕಿನ ಜಾಗ ತೋರಿಸುವ 'ಡಿಎಫ್' ಹಿಂದೆ ಉದ್ದನೆಯ ಸಾಧನದ ಹೆಸರು ಬಂದರೆ ಅಂಕಣ ಕೆಡದಿರಲೆಂದು ಅಂಕಿಗಳನ್ನು ಮುಂದಿನ ಸಾಲಿಗೆ ತಳ್ಳುತ್ತಿತ್ತು. ಕಣ್ಣಿಗೆ ಅದು ಅಚ್ಚುಕಟ್ಟು. ಐದನೆಯ ಪದದಲ್ಲಿ ಶೇಕಡಾವಾರು ಹುಡುಕುವ ಸ್ಕ್ರಿಪ್ಟಿಗೆ ಮಾತ್ರ ಯಾವುದೋ ಫೋಲ್ಡರಿನ ಹೆಸರು ಸಿಗುತ್ತಿತ್ತು. ಒಂದು ಡಿಸ್ಕಿಗೆ ಒಂದೇ ಸಾಲು ಎಂದು ಖಾತರಿ ಕೊಡುವ '-ಪಿ' (ದೊಡ್ಡಕ್ಷರದ P) ಆಯ್ಕೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಸಮಾನವಾದ ಪೋಸಿಕ್ಸ್ ಮಾನದಂಡದಲ್ಲಿ ಇದ್ದೇ ಇತ್ತು, ಬಳಸಬೇಕಾದವರೇ ಬಳಸಲಿಲ್ಲ. ಜಾಲಸಂಪರ್ಕದ ವಿವರ ತೋರಿಸುವ 'ಇಫ್‌ಕಾನ್ಫಿಗ್' ಕೂಡ ಐಪಿ ವಿಳಾಸದ ಹಿಂದಿದ್ದ 'ಆಡರ್' ಎಂಬ ಗುರುತನ್ನು ಕೈಬಿಟ್ಟಾಗ ಇಂಥದ್ದೇ ಫಜೀತಿಯಾಯಿತು.

ಈ ಉಪಕರಣಗಳನ್ನು ಬರೆದವರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಅವರು ಅಂಕಣ ಜೋಡಿಸಿದ್ದು ಪರದೆಯ ಮುಂದೆ ಕುಳಿತ ಮನುಷ್ಯನಿಗಾಗಿ. ಯಂತ್ರಕ್ಕೆ ಬೇರೆಯದೇ ದಾರಿ ಬೇಕು ಎಂಬ ಅರಿವು ತಡವಾಗಿ ಬಂತು. ಲಿನಕ್ಸಿನಂಥದ್ದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಫ್ರೀಬಿಎಸ್‌ಡಿ ತನ್ನ ಹಲವು ಕಮಾಂಡುಗಳಿಗೆ 'ಲಿಬ್‌ಎಕ್ಸ್‌ಒ' ಎಂಬ ಲೈಬ್ರರಿಯನ್ನು ಅಳವಡಿಸಿ ಜೇಸನ್ ರೂಪದ, ಅಂದರೆ ಪ್ರತಿ ಅಂಕಿಯ ಜೊತೆಗೂ ಅದರ ಹೆಸರಿರುವ, ಯಂತ್ರ ಸುಲಭವಾಗಿ ಓದಬಲ್ಲ ಫಲಿತಾಂಶ ಕೊಡತೊಡಗಿತು. ಲಿನಕ್ಸಿನಲ್ಲಿ ಡಿಸ್ಕುಗಳ ಪಟ್ಟಿ ತೋರಿಸುವ 'ಎಲ್‌ಎಸ್‌ಬಿಎಲ್‌ಕೆ', ಜಾಲಸಂಪರ್ಕ ತೋರಿಸುವ 'ಐಪಿ'ಯಂಥವೂ ಜೇಸನ್ ಕೊಡುತ್ತವೆ. ಮೆಮೊರಿಯ ಮಟ್ಟಿಗೆ ಸುಲಭದ ದಾರಿ ಮೊದಲಿನಿಂದಲೂ ಇತ್ತು: 'ಪ್ರೋಕ್' ಫೋಲ್ಡರಿನ 'ಮೆಮ್‌ಇನ್ಫೋ' ಕಡತವನ್ನು ತೆರೆದು, ಎಷ್ಟನೆಯ ಸಾಲು ಎಂದು ಎಣಿಸದೆ, ಬೇಕಾದ ಹೆಸರನ್ನು ಹುಡುಕಿ ಅದರ ಮುಂದಿನ ಅಂಕಿ ಓದುವುದು.

ಪ್ರೋಕ್‌ಪಿಎಸ್-ಎನ್‌ಜಿಯ 4ರ ಸರಣಿಯಲ್ಲಿ 'ಯೂಸ್ಡ್' ಅಂಕಣದ ಅರ್ಥವೂ ಬದಲಾಗಿದೆ. ಒಟ್ಟು ಮೆಮೊರಿಯಿಂದ ಖಾಲಿಯನ್ನೂ ಬಫರ್, ಕ್ಯಾಶ್‌ಗಳನ್ನೂ ಕಳೆಯುತ್ತಿದ್ದುದು ಈಗ ಒಟ್ಟಿನಿಂದ 'ಅವೈಲಬಲ್' ಅನ್ನಷ್ಟೇ ಕಳೆಯುತ್ತದೆ. ಅಂಕಣದ ಹೆಸರು, ಸ್ಥಾನ ಎರಡೂ ಹಾಗೇ ಇವೆ. ಹಳೆಯ, ಹೊಸ ಯಂತ್ರಗಳ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಹಾಕುವವರು ಮೊದಲು ಪ್ರತಿ ಯಂತ್ರದಲ್ಲೂ 'ಫ್ರೀ -ವಿ' (ದೊಡ್ಡಕ್ಷರದ V) ಎಂದು ಕೊಟ್ಟು ಆವೃತ್ತಿಯನ್ನು ನೋಡಿಕೊಳ್ಳಲಿ.