ಹಳ್ಳದ ದಂಡೆಯಲ್ಲಿ ಸಿಕ್ಕಿದ್ದು ಮೂಳೆಯೋ, ಸುಣ್ಣದ ಹರಳೋ?

ಓದುಗರ ಪ್ರಶ್ನೆ: ನಮ್ಮ ಹೊಲದ ಪಕ್ಕದ ಹಳ್ಳದ ದಂಡೆ ಮಳೆಗೆ ಕುಸಿದು, ಬೆರಳಿನ ಮೂಳೆಯಂಥ ತುಂಡುಗಳೂ ಮೊಟ್ಟೆಯಂಥ ಎರಡು ಕಲ್ಲುಗಳೂ ಹೊರಬಿದ್ದಿವೆ. ಇವು ಪಳೆಯುಳಿಕೆಗಳೇ ಎಂದು ಮನೆಯಲ್ಲೇ ತಿಳಿಯಬಹುದೇ? ಯಾರಿಗೆ ತೋರಿಸಬೇಕು?

ಉತ್ತರ: ಅರ್ಧದಷ್ಟು ಮನೆಯಲ್ಲೇ ತಿಳಿಯಬಹುದು. ನಿಂಬೆಹಣ್ಣು, ಚಾಕು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಇಷ್ಟಿದ್ದರೆ ‘ಇದು ಪಳೆಯುಳಿಕೆ ಅಲ್ಲ’ ಎಂದು ಎಷ್ಟೋ ಸಲ ನೀವೇ ಹೇಳಬಹುದು. ‘ಇದು ಇಂಥ ಪ್ರಾಣಿಯದು’ ಎನ್ನಲು ಬಲ್ಲವರ ಕಣ್ಣೇ ಬೇಕು. ಅವರೂ ಮೊದಲು ಕೇಳುವುದು ‘ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿತ್ತು’ ಎಂದೇ. ಹೀಗಾಗಿ ಆಕಾರವನ್ನು ಪಕ್ಕಕ್ಕಿಟ್ಟು ನೆಲದಿಂದ ಶುರು ಮಾಡೋಣ.

ನಿಮ್ಮ ಊರಿನ ನೆಲ ಯಾವುದು?

ಕರ್ನಾಟಕದ ಬಹುಪಾಲು ನೆಲ ಗ್ರಾನೈಟ್, ನೈಸ್, ಶಿಸ್ಟ್ ಶಿಲೆಗಳದ್ದು. ಇವು ಬಹುತೇಕ 250 ಕೋಟಿ ವರ್ಷಕ್ಕಿಂತ ಹಳೆಯವು. ಆ ಕಾಲದಲ್ಲಿ ಮೂಳೆ, ಚಿಪ್ಪು, ಎಲೆ ಇರುವ ಜೀವಿಗಳೇ ಇರಲಿಲ್ಲ. ಕೋಲಾರದ ಗ್ರಾನೈಟ್ ಬಂಡೆಯ ಮೇಲೆ ಮೀನಿನ ಆಕಾರ ಎಷ್ಟೇ ಚೆನ್ನಾಗಿ ಕಂಡರೂ ಅದು ಮೀನಲ್ಲ. ಸಂಡೂರಿನ ಪಟ್ಟೆಪಟ್ಟೆ ಕಬ್ಬಿಣ ಶಿಲೆಯನ್ನು ‘ಕಲ್ಲಾದ ಮರ’ ಎಂದುಕೊಂಡು ತರುವವರೂ ಇದ್ದಾರೆ. ಆ ಪಟ್ಟೆಗಳು ಕಬ್ಬಿಣದ ಆಕ್ಸೈಡ್ ಮತ್ತು ಸಿಲಿಕಾದ ಪದರಗಳು.

ಈ ಹಳೆಯ ನೆಲದಲ್ಲೂ ಒಂದು ಬಗೆಯ ಪಳೆಯುಳಿಕೆ ಉಂಟು, ಅದು ಸ್ಟ್ರೊಮಾಟೊಲೈಟ್. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಹಾಸು ಪದರದ ಮೇಲೆ ಪದರ ಬೆಳೆದು ಕಲ್ಲಾದದ್ದು. ಚಿಕ್ಕನಾಯಕನಹಳ್ಳಿ ಕಡೆಯ ದೊಡ್ಡಗುಣಿ, ಶಿವಮೊಗ್ಗ ಜಿಲ್ಲೆಯ ಕುಂಸಿ, ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಿನ ಡಾಲೊಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣಕಲ್ಲು), ಸುಣ್ಣಕಲ್ಲುಗಳಲ್ಲಿ ಇವು ದಾಖಲಾಗಿವೆ. ಕಲ್ಲು ಅಡ್ಡವಾಗಿ ಸೀಳಿದ ಕಡೆ ಒಂದರ ಮೇಲೊಂದು ಕವುಚಿಟ್ಟ ಬಟ್ಟಲುಗಳಂತೆ ಮೇಲಕ್ಕೆ ಉಬ್ಬಿದ ಗೆರೆಗಳು ಕಾಣುತ್ತವೆ. ನೋಡಲು ಸಾದಾ ಕಲ್ಲು. ರಾಜ್ಯದ ಅತಿ ಹಳೆಯ ಜೀವಕುರುಹು ಮಾತ್ರ ಇದೇ. ಯಾರೂ ಕಣ್ಣೆತ್ತಿ ನೋಡದ ಇದನ್ನು ಗುರುತಿಸಲು ಕಲಿತವರನ್ನು ನಾವು ಒಳ್ಳೆಯ ಹವ್ಯಾಸಿಗಳೆಂದು ಎಣಿಸುತ್ತೇವೆ.

ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕರಿಗಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಲಾವಾದೊಳಗೆ ಮೂಳೆ ಹುಡುಕುವುದು ವ್ಯರ್ಥ. ಆದರೆ ಒಂದು ಹರಿವಿಗೂ ಮುಂದಿನ ಹರಿವಿಗೂ ನಡುವೆ ಬಹಳ ಕಾಲ ಸಂದಿದ್ದಲ್ಲಿ ಕೆರೆಗಳಾಗಿ, ಕೆಸರು ಕೂತು, ಅದೂ ಕಲ್ಲಾಗಿದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಇಂಥ ಪದರಗಳು ಇವೆ. ಅವುಗಳಲ್ಲಿ ಸಿಹಿನೀರಿನ ಬಸವನಹುಳುವಿನ ಚಿಪ್ಪುಗಳು ಸಿಗುತ್ತವೆ. ಕಪ್ಪು ಬಸಾಲ್ಟ್ ನಡುವೆ ತಿಳಿಬಣ್ಣದ, ಗಾಜಿನಂತೆ ಒಡೆಯುವ ಚರ್ಟ್ ಪಟ್ಟಿ ಕಂಡರೆ ಅಲ್ಲಿ ನಿಂತು ನೋಡಿ.

ಇನ್ನುಳಿದದ್ದು ಹಳ್ಳ, ನದಿಗಳ ಮೆಕ್ಕಲು. ಭೂಮಿಯ ಲೆಕ್ಕದಲ್ಲಿ ತೀರಾ ಇತ್ತೀಚಿನದು, ಆದರೂ ಉಡಾಫೆ ಮಾಡುವಂತಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಬಳಿ ಇಂಥದೇ ಮೆಕ್ಕಲಿನಲ್ಲಿ ಘೇಂಡಾಮೃಗದ ಮೂಳೆಗಳನ್ನು ಕಂಡರು. 1874ರಲ್ಲಿ ಅದಕ್ಕೆ ‘ರೈನೊಸರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟು ಪ್ರಕಟಿಸಿದರು. ಇವತ್ತು ಆ ಸೀಮೆಯಲ್ಲಿ ಘೇಂಡಾಮೃಗದ ಸುಳಿವೇ ಇಲ್ಲ.

ನಿಮ್ಮ ಹಳ್ಳದ ದಂಡೆ ಮೆಕ್ಕಲಿನದಾದರೆ ಮೂಳೆ ಸಿಗುವುದು ಸಾಧ್ಯ. ದನ, ಜಿಂಕೆ, ಆನೆಯಂಥವುಗಳದ್ದು. ಡೈನೊಸಾರ್ ಆಸೆ ಬಿಡಿ. ಊರಿನ ನೆಲ ಯಾವುದೆಂದು ಗೊತ್ತಿಲ್ಲದಿದ್ದರೆ ಸರ್ವೇಕ್ಷಣೆಯ ‘ಭೂಕೋಶ್’ ಜಾಲತಾಣದಲ್ಲಿ 1:50,000 ಪ್ರಮಾಣದ ಭೂವೈಜ್ಞಾನಿಕ ನಕ್ಷೆ ನೋಡಬಹುದು.

ಬೆರಳಿನ ಮೂಳೆಯಂಥ ತುಂಡುಗಳು

ಎರೆ ಹೊಲಗಳಿಂದ ‘ಮೂಳೆ’ ಎಂದು ಬರುವುದರಲ್ಲಿ ಸುಣ್ಣದ ಹರಳಿನ ಪಾಲು ದೊಡ್ಡದು. ಮಣ್ಣಿನ ನೀರಿನಲ್ಲಿ ಕರಗಿದ ಸುಣ್ಣ ಒಣಗಾಲದಲ್ಲಿ ಗಂಟುಗಟ್ಟುತ್ತದೆ. ಗಿಡದ ಬೇರಿನ ಸುತ್ತ ಗಟ್ಟಿದರೆ ಉದ್ದನೆಯ ಕೊಳವೆಯಾಗುತ್ತದೆ. ಆಮೇಲೆ ಬೇರು ಕೊಳೆತು ನಡುವೆ ತೂತು ಉಳಿಯುತ್ತದೆ. ಹೊರಗೆ ಬಿಳಿ, ಒಳಗೆ ಪೊಳ್ಳು, ತುದಿಯಲ್ಲಿ ಗಂಟು: ಮೂಳೆ ಎನ್ನಲು ಇನ್ನೇನು ಬೇಕು?

ಬೇರ್ಪಡಿಸುವುದು ಸುಲಭ. ತುಂಡಿನ ಮೂಲೆಯೊಂದನ್ನು ನೀರಿನಲ್ಲಿ ಉಜ್ಜಿ, ಒಣಗಿಸಿ, ಚಾಕುವಿನಿಂದ ತುಸು ಕೆರೆದು ಪುಡಿ ಎಬ್ಬಿಸಿ. ಅದರ ಮೇಲೆ ಎರಡು ಹನಿ ನಿಂಬೆರಸ ಅಥವಾ ಬಿಳಿ ವಿನೆಗರ್ ಬಿಟ್ಟು ಭೂತಗನ್ನಡಿಯಲ್ಲಿ ಅರ್ಧ ನಿಮಿಷ ನೋಡಿ. ಸುಣ್ಣದ ಹರಳಾದರೆ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಮೂಳೆಯ ಮುಖ್ಯ ಖನಿಜ ಕ್ಯಾಲ್ಸಿಯಂ ಫಾಸ್ಫೇಟ್, ಅದು ಹಾಗೆ ನೊರೆಯುವುದಿಲ್ಲ. ಇಲ್ಲೊಂದು ಎಡವಟ್ಟಿದೆ. ಮಣ್ಣಿನಲ್ಲಿದ್ದ ಮೂಳೆಯ ರಂಧ್ರಗಳಲ್ಲೂ ಸುಣ್ಣ ಸೇರಿಕೊಂಡಿರುತ್ತದೆ. ಗುಳ್ಳೆ ಮೈಯೆಲ್ಲ ಏಳುತ್ತಿದೆಯೋ, ಬರೀ ರಂಧ್ರ, ಬಿರುಕುಗಳಿಂದ ಏಳುತ್ತಿದೆಯೋ ಗಮನಿಸಿ. ಮೈಯೆಲ್ಲ ಎದ್ದರೆ ಹರಳು. ಪರೀಕ್ಷೆ ಒಂದೇ ತುಂಡಿನ ಒಂದೇ ಮೂಲೆಗೆ ಸಾಕು, ಮುಗಿದ ಕೂಡಲೇ ನೀರಿನಲ್ಲಿ ತೊಳೆಯಿರಿ. ಇಡೀ ತುಂಡನ್ನು ವಿನೆಗರ್‌ನಲ್ಲಿ ನೆನೆಸಿಟ್ಟರೆ ನಿಜವಾದ ಮೂಳೆಯೂ ಹಾಳಾಗುತ್ತದೆ. ಡಾಲೊಮೈಟ್ ಪುಡಿ ಮಾಡಿದಾಗ ಮಾತ್ರ ನಿಧಾನವಾಗಿ ಗುಳ್ಳೆ ಬಿಡುತ್ತದೆ, ಬಾಗಲಕೋಟೆ ಸೀಮೆಯವರು ಇದನ್ನು ನೆನಪಿಡಬೇಕು.

ಮುಂದಿನದು ಮುರಿದ ತುದಿ. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು, ವಸ್ತುವನ್ನು ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ತನ್ನಿ. ಭೂತಗನ್ನಡಿಯನ್ನು ದೂರ ಹಿಡಿದು ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ. ಮೂಳೆಯಾದರೆ ಹೊರಗೆ ಒತ್ತಾದ ಗಟ್ಟಿ ಪದರ, ಒಳಗೆ ಜಾಲರಿಯಂಥ ರಂಧ್ರಗಳು, ಎರಡಕ್ಕೂ ನಡುವೆ ಕ್ರಮೇಣ ಬದಲಾವಣೆ ಕಾಣುತ್ತದೆ. ಸುಣ್ಣದ ಹರಳಿನಲ್ಲಿ ಮರಳಿನ ಕಣ, ಮಣ್ಣಿನ ಚೂರು ಒಳಗೇ ಸಿಕ್ಕಿಕೊಂಡಿರುತ್ತವೆ. ಮೂಳೆಯ ಗೋಡೆಯೊಳಗೆ ಮರಳು ಕೂರಲು ದಾರಿಯಿಲ್ಲ. ನಮ್ಮ ಲೆಕ್ಕದಲ್ಲಿ ಇದು ನಿಂಬೆರಸಕ್ಕಿಂತ ನಂಬಿಕಸ್ಥ ಗುರುತು.

ನಾಲಗೆಗೆ ಅಂಟಿದರೆ ಪಳೆಯುಳಿಕೆ ಎಂಬ ಮಾತನ್ನು ಕೇಳಿರಬಹುದು. ಸಣ್ಣ ರಂಧ್ರಗಳಿರುವ ಮೂಳೆ ತೇವ ಹೀರಿ ಅಂಟುವುದು ನಿಜವೇ. ಆದರೆ ಒಣ ಜೇಡಿ, ಸುಡುಮಣ್ಣಿನ ಚೂರು ಕೂಡ ಅಂಟುತ್ತವೆ. ಹೊಲದ ಮಣ್ಣನ್ನು ಬಾಯಿಗಿಡುವುದೂ ಬೇಡ.

ಮೂಳೆಯೇ ಎಂದಾಯಿತು, ಆದರೆ ಹೋದ ತಲೆಮಾರಿನಲ್ಲಿ ಹೂತ ಎತ್ತಿನದೋ? ಸೂಜಿಯನ್ನು ಕೆಂಪಗೆ ಕಾಯಿಸಿ ಕಾಣದ ಮೂಲೆಗೆ ಮುಟ್ಟಿಸಿ. ಕೂದಲು ಸುಟ್ಟ ವಾಸನೆ ಬಂದರೆ ಅದರಲ್ಲಿ ಇನ್ನೂ ಕೊಲಾಜನ್ ಎಂಬ ಪ್ರೋಟೀನ್ ಇದೆ, ಮೂಳೆ ಕಲ್ಲಾಗಿಲ್ಲ. ವಾಸನೆ ಬರದಿದ್ದರೆ ‘ಲಕ್ಷಾಂತರ ವರ್ಷ ಹಳೆಯದು’ ಎಂದು ಹಿಗ್ಗಬೇಡಿ. ನಮ್ಮ ಸೆಕೆಯ ನಾಡಿನಲ್ಲಿ ಕೊಲಾಜನ್ ಬೇಗ ನಾಶವಾಗುತ್ತದೆ. ಹಲ್ಲು ಸಿಕ್ಕಿದ್ದರೆ ಅದನ್ನು ಮೊದಲು ಜೋಪಾನ ಮಾಡಿ. ಎನಾಮೆಲ್ ಗಟ್ಟಿಯಾದದ್ದು, ಹೆಚ್ಚು ಕಾಲ ಉಳಿಯುತ್ತದೆ. ಅಗಿಯುವ ಮೇಲ್ಮೈಯ ಮಡಿಕೆಗಳನ್ನು ನೋಡಿಯೇ ದನವೋ ಕುದುರೆಯೋ ಆನೆಯೋ ಎಂದು ತಜ್ಞರು ಹೇಳುತ್ತಾರೆ. ಹತ್ತು ಮೂಳೆಚೂರು ಹೇಳದ್ದನ್ನು ಒಂದು ಹಲ್ಲು ಹೇಳುತ್ತದೆ.

ಮೊಟ್ಟೆಗಳು

ಕರಿಗಲ್ಲಿನ ಸೀಮೆಯಲ್ಲಿ ದುಂಡು ಕಲ್ಲಿಗೆ ಬರವಿಲ್ಲ. ಬಸಾಲ್ಟ್ ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಮೊದಲು ಸವೆದು, ಸಿಪ್ಪೆಯ ಮೇಲೆ ಸಿಪ್ಪೆ ಬಿಟ್ಟು ಒಳಗೆ ಗುಂಡು ಉಳಿಯುತ್ತದೆ. ಲಾವಾದ ಗಾಳಿಗುಳ್ಳೆಗಳಲ್ಲಿ ಅಗೇಟ್, ಜಿಯೊಲೈಟ್ ಎಂಬ ಖನಿಜಗಳು ತುಂಬಿದ ಉಂಡೆಗಳೂ ಉದುರುತ್ತವೆ. ಮೊಟ್ಟೆಗೆ ಇರುವುದು ಒಂದೇ ಚಿಪ್ಪು. ನಿಮ್ಮ ಕಲ್ಲು ಮೂರು ನಾಲ್ಕು ಪದರವಾಗಿ ಸುಲಿಯುತ್ತಿದ್ದರೆ, ಅಥವಾ ಒಡೆದಲ್ಲಿ ಹರಳು ಹೊಳೆಯುತ್ತಿದ್ದು ಚಾಕುವಿನಿಂದ ಗೀರು ಬೀಳದಿದ್ದರೆ ಆಸೆ ಬಿಡಬಹುದು.

ನಿಜವಾದ ಡೈನೊಸಾರ್ ಮೊಟ್ಟೆಗಳು ಭಾರತದಲ್ಲಿ ಧಾರಾಳವಾಗಿವೆ. ಆದರೆ ಅವು ಗುಜರಾತಿನ ಬಾಲಾಸಿನೋರ್, ಮಧ್ಯಪ್ರದೇಶದ ಧಾರ್ ಜಿಲ್ಲೆಗಳಂಥ ಕಡೆ, ಲಾಮೆಟಾ ಎಂಬ ಸುಣ್ಣಭರಿತ ಪದರಗಳಲ್ಲಿ ಇವೆ. ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆಗಳನ್ನು ಗುರುತಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವು ಸುಮಾರು 15ರಿಂದ 17 ಸೆಂಟಿಮೀಟರ್ ಅಡ್ಡಳತೆಯ ಗುಂಡನೆಯ ಮೊಟ್ಟೆಗಳು, ಕೋಳಿಮೊಟ್ಟೆಯ ಆಕಾರದವಲ್ಲ. ಅದೇ ಜಿಲ್ಲೆಯ ಪಾಡ್ಲ್ಯಾದಲ್ಲಿ ಊರವರು ಕುಲದೇವರೆಂದು ಪೂಜಿಸುತ್ತಿದ್ದ ಗುಂಡುಗಳು ಇಂಥ ಮೊಟ್ಟೆಗಳೇ ಎಂದು ಲಖನೌದಿಂದ ಬಂದ ತಜ್ಞರು ಹೇಳಿದರು. ಉಲ್ಟಾ ಆದದ್ದೂ ಉಂಟು. 2020ರಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕುನ್ನಂನಲ್ಲಿ ಕೆರೆ ಅಗೆದಾಗ ದೊಡ್ಡ ಉಂಡೆಗಳು ಸಿಕ್ಕಿ, ‘ಡೈನೊಸಾರ್ ಮೊಟ್ಟೆ’ ಎಂಬ ಸುದ್ದಿ ಫೋನಿಂದ ಫೋನಿಗೆ ಹರಿದಾಡಿತು. ಬಂದು ನೋಡಿದ ಭೂವಿಜ್ಞಾನಿಗಳು ಅವನ್ನು ಅಮ್ಮೊನೈಟ್ (ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲಜೀವಿ) ಸುತ್ತ ಗಟ್ಟಿಯಾದ ಉಂಡೆಗಳೆಂದರು. ಅದು ಹಿಂದೊಮ್ಮೆ ಕಡಲಾಗಿದ್ದ ನೆಲ, ಅಲ್ಲಿ ಅಮ್ಮೊನೈಟ್ ಸಹಜ. ಬಹಳ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಗಂಡಕಿ ನದಿಯ ಸಾಲಿಗ್ರಾಮದ ಚಕ್ರವೂ ಅಮ್ಮೊನೈಟಿನ ಸುರುಳಿಯೇ.

ಕಲ್ಲಿನ ಮೇಲಿನ ಗಿಡ

ನೀವು ಕೇಳದಿದ್ದರೂ ಇದನ್ನು ಕೇಳುವವರು ಬಹಳ. ಫರ್ಸಿ ಕಲ್ಲು ಸೀಳಿದಾಗ ಕಪ್ಪನೆಯ ಜರೀಗಿಡದಂಥ ಚಿತ್ರ ಕಂಡರೆ ಅದು ಬಿರುಕಿನಲ್ಲಿ ಹರಡಿದ ಮ್ಯಾಂಗನೀಸ್ ಆಕ್ಸೈಡ್. ಅದರಲ್ಲಿ ಎಲೆಯ ನರ ಇಲ್ಲ, ದಂಟಿನ ದಪ್ಪ ಇಲ್ಲ. ಕವಲುಗಳೆಲ್ಲ ಕಲ್ಲಿನ ಅಂಚಿನಿಂದಲೋ ಬಿರುಕಿನಿಂದಲೋ ಹೊರಟಿರುತ್ತವೆ. ಶಹಾಬಾದಿನ ಸುಣ್ಣಕಲ್ಲು ಕೂತ ಕಾಲಕ್ಕೆ ನೆಲದ ಮೇಲೆ ಜರೀಗಿಡ ಇರಲೇ ಇಲ್ಲ.

ಇಂಥ ಮೋಸಕ್ಕೆ ಬಲ್ಲವರೂ ಸಿಕ್ಕಿಬಿದ್ದಿದ್ದಾರೆ. 2021ರಲ್ಲಿ ಮಧ್ಯಪ್ರದೇಶದ ಭೀಮ್‌ಬೆಟ್ಕಾ ಗುಹೆಯ ಮೇಲ್ಭಾಗದ ಬಂಡೆಯಲ್ಲಿ ಡಿಕಿನ್ಸೋನಿಯಾ ಎಂಬ, ಸುಮಾರು 55 ಕೋಟಿ ವರ್ಷ ಹಿಂದಿನ ಜೀವಿಯ ಗುರುತು ಸಿಕ್ಕಿತೆಂದು ಪ್ರಕಟವಾಯಿತು. ಬೇರೊಂದು ತಂಡ ಹೋಗಿ ನೋಡುವಷ್ಟರಲ್ಲಿ ಆ ‘ಜೀವಿ’ ಬಂಡೆಯಿಂದ ಕಳಚಿಕೊಳ್ಳುತ್ತಿತ್ತು. ಅದು ಹೆಜ್ಜೇನು ಹುಟ್ಟಿನ ಅವಶೇಷ. ಮೊದಲು ಪ್ರಕಟಿಸಿದವರೂ ಅದನ್ನು ಒಪ್ಪಿದರು. ಗುರುತು ಕಲ್ಲಿನ ಒಳಗಿದೆಯೋ ಮೇಲೆ ಅಂಟಿದೆಯೋ ಎಂದು ಮೊದಲು ನೋಡಬೇಕೆನ್ನುವುದು ಇದಕ್ಕೇ.

ಈಗ ಮಾಡಬೇಕಾದದ್ದು

ದಂಡೆಯಲ್ಲಿ ಇನ್ನೂ ಹುದುಗಿರುವುದನ್ನು ಕೀಳಬೇಡಿ. ಕಿತ್ತ ಮೇಲೆ ಅದು ಯಾವ ಪದರದ್ದೆಂದು ಹೇಳುವವರಿಲ್ಲ. ಮುಂದಿನ ಮಳೆಗೆ ಕೊಚ್ಚಿಹೋಗುವ ಹಾಗಿದ್ದರೆ ಮಾತ್ರ ಸುತ್ತ ನಾಲ್ಕೈದು ಸೆಂಟಿಮೀಟರ್ ಮಣ್ಣು ಸೇರಿಸಿ ಹೆಂಟೆಯಾಗಿಯೇ ಎತ್ತಿ, ಕಾಗದದಲ್ಲಿ ಸುತ್ತಿ ನೆರಳಿನಲ್ಲಿ ನಿಧಾನವಾಗಿ ಆರಲು ಬಿಡಿ. ಹಸಿ ಮಣ್ಣಿನಿಂದ ತೆಗೆದ ಮೂಳೆಯನ್ನು ಬಿಸಿಲಿಗಿಟ್ಟರೆ ಬಿರಿಯುತ್ತದೆ, ನಲ್ಲಿ ಕೆಳಗೆ ಹಿಡಿದರೆ ಕುಸಿಯುತ್ತದೆ. ಶುಚಿ ಮಾಡಲು ಮೆತ್ತನೆಯ ಹಲ್ಲುಜ್ಜುವ ಬ್ರಷ್, ಬಿದಿರಿನ ಕಡ್ಡಿ ಸಾಕು. ತಂತಿ ಬ್ರಷ್ ಬೇಡ. ಎಣ್ಣೆ, ವಾರ್ನಿಷ್, ಕ್ಷಣದಲ್ಲಿ ಕಚ್ಚುವ ಅಂಟು ಕೂಡದು, ಇವು ಮೂಳೆಯೊಳಗೆ ಇಳಿದರೆ ಮುಂದೆ ಕಾಲನಿರ್ಣಯಕ್ಕೂ ತೊಡಕು.

ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ನಾಣ್ಯ, ಪೆನ್ನುಗಳ ಅಳತೆ ಒಂದೊಂದಕ್ಕೆ ಒಂದೊಂದು. ಆರೂ ಮುಖಗಳ ಚಿತ್ರ, ಮುರಿದ ತುದಿಯ ಹತ್ತಿರದ ಚಿತ್ರ, ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಚಿತ್ರ, ಇಡೀ ದಂಡೆಯದ್ದೊಂದು ಬೇಕು. ಫ್ಲ್ಯಾಶ್ ಹಾಕಿದರೆ ಉಬ್ಬುತಗ್ಗು ಅಳಿಸಿಹೋಗುತ್ತದೆ. ಫೋನಿನ ನಕ್ಷೆಯಿಂದ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ಐದು ಅಂಕಿಯವರೆಗೆ ಬರೆದುಕೊಳ್ಳಿ. ಐದನೆಯ ಅಂಕಿ ಎಂದರೆ ಹೆಚ್ಚುಕಡಿಮೆ ಒಂದು ಮೀಟರ್. ದಂಡೆಯ ಮೇಲಂಚಿನಿಂದ ಎಷ್ಟು ಆಳ, ಆ ಪದರ ಎರೆಯೋ ಮರಳೋ ಗರಸೋ, ತುಂಡು ಹುದುಗಿತ್ತೋ ಕೆಳಗೆ ಬಿದ್ದಿತ್ತೋ ಎಲ್ಲವನ್ನೂ ಅಲ್ಲೇ ನಿಂತು ಬರೆಯಿರಿ. ಒಂದೊಂದು ತುಂಡಿಗೂ ಬೇರೆ ಚೀಲ, ಅದೇ ಸಂಖ್ಯೆಯ ಚೀಟಿ.

ಜಾಗದ ವಿವರಕ್ಕೆ ಇಷ್ಟು ಒತ್ತು ಏಕೆಂದರೆ, ಅದು ಸುಳ್ಳಾದರೆ ನಿಜವಾದ ಪಳೆಯುಳಿಕೆಯೂ ಕೆಲಸಕ್ಕೆ ಬಾರದು. ಹಿಮಾಲಯದಲ್ಲಿ ಸಿಕ್ಕವೆಂದು ವರ್ಷಗಟ್ಟಲೆ ಪ್ರಕಟವಾಗುತ್ತಿದ್ದ ಕೆಲವು ಅಮ್ಮೊನೈಟ್‌ಗಳು ಮೊರಾಕೊದ ಅಂಗಡಿಗಳಲ್ಲಿ ಮಾರುವಂಥವು ಎಂದು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ಬಯಲಿಗೆಳೆದರು. ಆ ಭಾಗದ ಎಷ್ಟೋ ಬರಹಗಳನ್ನು ಮತ್ತೆ ಜರಡಿ ಹಿಡಿಯಬೇಕಾಯಿತು.

ಚಿತ್ರ, ವಿವರಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ ಇವುಗಳಲ್ಲಿ ಹತ್ತಿರದ ಭೂವಿಜ್ಞಾನ ವಿಭಾಗಕ್ಕೆ, ಇಲ್ಲವೇ ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿರುವ ಸರ್ವೇಕ್ಷಣೆಯ ಕಚೇರಿಗೆ ಕಳಿಸಿ. ಕಲ್ಲನ್ನು ಅವರು ಕೇಳಿದ ಮೇಲೆ ಒಯ್ದರೆ ಸಾಕು. ಕಲ್ಲಾದ ಮರ, ಎಲೆಗಳ ವಿಷಯಕ್ಕೆ ಲಖನೌದ ಬೀರಬಲ್ ಸಾಹನಿ ಸಂಸ್ಥೆ ಇದೆ. ಮೂಳೆಗಳ ಜೊತೆ ಎರಡೂ ಕಡೆ ಚಕ್ಕೆ ಎಬ್ಬಿಸಿದ ಕಲ್ಲುಗಳು ಕಂಡರೆ ರಾಜ್ಯ ಪುರಾತತ್ವ ಇಲಾಖೆಗೂ ತಿಳಿಸಿ. ಘಟಪ್ರಭೆಯ ದಂಡೆಯ ಅನಗವಾಡಿಯಲ್ಲಿ ಹಳೆ ಶಿಲಾಯುಗದ ಕೈಕೊಡಲಿಗಳು ಸಿಕ್ಕಿವೆ. ಮನುಷ್ಯರ ಮೂಳೆ ಇರಬಹುದೆಂಬ ಅನುಮಾನ ಬಂದರೆ ಮುಟ್ಟದೆ ಪೊಲೀಸರಿಗೆ ಹೇಳಿ. ದಂಡೆ ನಿಮ್ಮ ಸರ್ವೆ ನಂಬರಿನಲ್ಲಿಲ್ಲದಿದ್ದರೆ ಜಮೀನಿನವರ ಒಪ್ಪಿಗೆ ಪಡೆಯಿರಿ. ಅರಣ್ಯಕ್ಕೆ ಸೇರಿದ್ದಾದರೆ ಅಲ್ಲಿಂದ ಅನುಮತಿ ಇಲ್ಲದೆ ಕಲ್ಲು ತರುವಂತಿಲ್ಲ, ಚಿತ್ರವಷ್ಟೇ ಸಾಕು.